ಎರಡನೆಯ ಸಲ ಏರಿದ ಬೆಟ್ಟ

ಆಟವೊಂದನ್ನು ಕುರಿತು ಹದಿನೈದು ನಿಮಿಷ ಮಾತನಾಡಿ ಎಂದು ಆಕಾಶವಾಣಿಯ ಮಿತ್ರರು ನನ್ನನ್ನು ಕೇಳಿದಾಗ, ಚದುರಂಗವನ್ನೋ ಚೌಕಾಬಾರವನ್ನೋ ನಾನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಅಂಗೈಯಗಲದ ಯಂತ್ರದಲ್ಲಿ ಆಡುವ ಒಂದು ವಿಡಿಯೋ ಆಟವನ್ನು. ಕಾಲೇಜಿನಲ್ಲಿ ಪಾಠ ಹೇಳುವ ಮೂವತ್ತಾರು ವರ್ಷದ ಗೃಹಸ್ಥನೊಬ್ಬ ಮಕ್ಕಳ ಆಟದ ಮುಂದೆ ಆರು ತಿಂಗಳು ಕುಳಿತಿದ್ದನೆಂದರೆ ಕೇಳುವವರಿಗೆ ನಗು ಬಂದೀತು. ಬರಲಿ. ನನಗೂ ಮೊದಮೊದಲು ಬಂದಿತ್ತು.

ಆಟದ ಹೆಸರು ಪೋಕೆಮಾನ್ ಹಾರ್ಟ್‌ಗೋಲ್ಡ್. ಜಪಾನಿನ ಗೇಮ್ ಫ್ರೀಕ್ ಎಂಬ ಸಂಸ್ಥೆ ನಿಂಟೆಂಡೊ ಡಿ.ಎಸ್. ಯಂತ್ರಕ್ಕಾಗಿ ರಚಿಸಿದ ಈ ಆಟ, ಸೋಲ್‌ಸಿಲ್ವರ್ ಎಂಬ ತನ್ನ ಅವಳಿಯೊಡನೆ 2009ರ ಸೆಪ್ಟೆಂಬರ್ 12ರಂದು ಜಪಾನಿನಲ್ಲಿ ಹೊರಬಂದಿತು. ಹೊಸ ಆಟವೆನ್ನುವಂತಿಲ್ಲ. 1999ರ ನವೆಂಬರಿನಲ್ಲಿ ಬಂದಿದ್ದ ಗೋಲ್ಡ್ ಮತ್ತು ಸಿಲ್ವರ್ ಎಂಬ ಆಟಗಳನ್ನೇ ಹತ್ತು ವರ್ಷಗಳ ಮೇಲೆ ಮತ್ತೊಮ್ಮೆ ಕಟ್ಟಿದ್ದು. ನಮ್ಮಲ್ಲಿ ಹಳೆಯ ಗುಡಿಗಳಿಗೆ ಜೀರ್ಣೋದ್ಧಾರ ಮಾಡಿಸುವುದುಂಟಷ್ಟೆ? ಗರ್ಭಗುಡಿ ಅದೇ, ಮೂರ್ತಿ ಅದೇ. ನೆಲದ ಕಲ್ಲು ಹೊಸದು, ದೀಪ ಹೊಸದು. ಅಂಥದೊಂದು ಕೆಲಸ.

ಆಟವನ್ನೇ ಅರಿಯದ ಶ್ರೋತೃಗಳಿಗಾಗಿ ಎರಡು ಮಾತು. ಹತ್ತು ಹನ್ನೆರಡು ವರ್ಷದ ಮಗುವೊಂದು ಒಂದು ಸಣ್ಣ ಪ್ರಾಣಿಯನ್ನು ಜೊತೆಗಿಟ್ಟುಕೊಂಡು ಮನೆಯಿಂದ ಹೊರಡುತ್ತದೆ. ದಾರಿಯ ಹುಲ್ಲುಗಾವಲುಗಳಲ್ಲಿ, ಗುಹೆಗಳಲ್ಲಿ, ನೀರಿನಲ್ಲಿ ಬಗೆಬಗೆಯ ವಿಚಿತ್ರ ಜೀವಿಗಳಿವೆ. ಅವುಗಳನ್ನು ಚೆಂಡಿನಂಥ ಒಂದು ಸಾಧನದಲ್ಲಿ ಹಿಡಿದು, ಪಳಗಿಸಿ, ಬೆಳೆಸಬೇಕು. ಊರೂರಿನಲ್ಲಿ ಒಂದೊಂದು ಗರಡಿ; ಗರಡಿಗೊಬ್ಬ ನಾಯಕ ಅಥವಾ ನಾಯಕಿ. ಅವರ ಪ್ರಾಣಿಗಳೊಡನೆ ನಮ್ಮವು ಸೆಣಸಿ ಗೆದ್ದರೆ ಒಂದು ಪದಕ. ಬೆಂಕಿಯದು ಗಿಡವನ್ನು ಸುಡುತ್ತದೆ, ನೀರಿನದು ಬೆಂಕಿಯನ್ನು ಆರಿಸುತ್ತದೆ, ಗಿಡದ್ದು ನೀರನ್ನು ಹೀರುತ್ತದೆ ಎಂಬ ಸರಳ ನ್ಯಾಯದಿಂದ ಮೊದಲಾಗಿ ಲೆಕ್ಕಾಚಾರ ಬರಬರುತ್ತ ಜಟಿಲವಾಗುತ್ತದೆ.

ಇದನ್ನು ಕಲ್ಪಿಸಿದವರು ಸತೋಷಿ ತಾಜಿರಿ. ಟೋಕಿಯೊ ಹೊರವಲಯದ ಮಾಚಿದ ಎಂಬಲ್ಲಿ ಬೆಳೆದವರು. ಬಾಲ್ಯದಲ್ಲಿ ಗದ್ದೆ, ಕೊಳ, ತೋಪುಗಳಲ್ಲಿ ಹುಳುಹುಪ್ಪಟೆ ಹಿಡಿಯುವುದು ಅವರಿಗೆ ಹುಚ್ಚಿನಂತೆ ಅಂಟಿತ್ತು. ಊರು ಬೆಳೆದಂತೆ ಗದ್ದೆಗಳು ಹೋದುವು, ಕೊಳಗಳು ಮುಚ್ಚಿಹೋದುವು. ಹುಳುಗಳನ್ನು ಹುಡುಕುವ ಆ ಸುಖ ಮುಂದಿನ ಮಕ್ಕಳಿಗೂ ದೊರೆಯಲಿ ಎಂಬ ಹಂಬಲದಿಂದ ಅವರು ಕಟ್ಟಿದ ಮೊದಲ ಆಟಗಳು, ರೆಡ್ ಮತ್ತು ಗ್ರೀನ್, 1996ರ ಫೆಬ್ರವರಿ 27ರಂದು ಬಂದುವು. ಎರಡು ಯಂತ್ರಗಳನ್ನು ಜೋಡಿಸುವ ತಂತಿಯನ್ನು ಕಂಡಾಗ ಅದರೊಳಗೆ ಹುಳು ಹರಿದು ಆಚೆಯ ಯಂತ್ರಕ್ಕೆ ದಾಟುವಂತೆ ಅವರಿಗೆ ತೋರಿತಂತೆ. ನನ್ನ ಮಾತಿಗೆಲ್ಲ ಆ ತಂತಿಯೇ ಆಧಾರ. ಆದ್ದರಿಂದ ಅದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಪೋಕೆಮಾನ್ ಆಟದಲ್ಲಿ ಒಬ್ಬಂಟಿಗನಿಗೆ ಸಿದ್ಧಿಯಿಲ್ಲ. ಗೋಲ್ಡ್‌ನಲ್ಲಿ ಸಿಗುವ ಕೆಲವು ಜೀವಿಗಳು ಸಿಲ್ವರ್‌ನಲ್ಲಿ ಇಲ್ಲ, ಸಿಲ್ವರ್‌ನವು ಗೋಲ್ಡ್‌ನಲ್ಲಿ ಇಲ್ಲ. ಅದಕ್ಕಿಂತ ವಿಶೇಷವೆಂದರೆ, ಕೆಲವು ಜೀವಿಗಳು ಇನ್ನೊಬ್ಬರ ಕೈಗೆ ದಾಟಿದ ಹೊರತು ಪೂರ್ಣ ಬೆಳವಣಿಗೆಯನ್ನೇ ಹೊಂದುವುದಿಲ್ಲ. ಆಬ್ರಾ ಎಂಬ ನಿದ್ದೆಬುರುಕ ಜೀವಿಯೊಂದಿದೆ. ಕಂಡೊಡನೆ ಮಾಯವಾಗುವ ಅದನ್ನು ಹಿಡಿಯುವುದೇ ಕಷ್ಟ. ಹಿಡಿದು ಹದಿನಾರನೆಯ ಮಟ್ಟಕ್ಕೆ ತಂದರೆ ಅದು ಕಡಾಬ್ರಾ ಆಗುತ್ತದೆ, ಕೈಯಲ್ಲೊಂದು ಚಮಚ ಹಿಡಿದಿರುತ್ತದೆ. ಅಲ್ಲಿಂದಾಚೆಗೆ ನೂರನೆಯ ಮಟ್ಟಕ್ಕೆ ಏರಿಸಿದರೂ ಅದು ಕಡಾಬ್ರಾವೇ. ಇನ್ನೊಬ್ಬನಿಗೆ ಕೊಟ್ಟ ಕ್ಷಣದಲ್ಲಿ ಮಾತ್ರ ಅದು ಅಲಕಜಾಮ್ ಆಗಿ, ಎರಡು ಕೈಗಳಲ್ಲೂ ಚಮಚ ಹಿಡಿದು ನಿಲ್ಲುತ್ತದೆ. ಹಾಗೆ ದಾಟಿದ ಜೀವಿಯ ಮೈಮೇಲೆ ಅದನ್ನು ಮೊದಲು ಹಿಡಿದವನ ಹೆಸರು ಅಚ್ಚಾಗಿ ಉಳಿಯುತ್ತದೆ. ಎಷ್ಟು ಕೈ ಬದಲಾದರೂ ಆ ಹೆಸರು ಅಳಿಯುವುದಿಲ್ಲ.

2001ನೆಯ ಇಸವಿಯಲ್ಲಿ ನನಗೆ ಹನ್ನೆರಡು ವರ್ಷ. ಅಮೆರಿಕದಿಂದ ಬಂದ ಸೋದರಮಾವ ನನಗೊಂದು ಗೇಮ್ ಬಾಯ್ ಕಲರ್ ಯಂತ್ರವನ್ನೂ ಗೋಲ್ಡ್ ಆಟವನ್ನೂ ತಂದುಕೊಟ್ಟಿದ್ದರು. ಹುಡುಗರಾದ ನಾವು ಆಟದ ಆ ಬಿಲ್ಲೆಯನ್ನು ಕ್ಯಾಸೆಟ್ಟು ಎಂದೇ ಕರೆಯುತ್ತಿದ್ದೆವು. ಎದುರುಮನೆಯ ಗೆಳೆಯನ ಬಳಿ ಸಿಲ್ವರ್ ಇತ್ತು, ಅವನ ದೊಡ್ಡಪ್ಪ ಸಿಂಗಪುರದಿಂದ ತಂದದ್ದು. ತಂತಿಯೂ ಅವನದೇ. ಅವರ ಮನೆಯ ಜಗುಲಿಯ ಮೇಲೆ ಕುಳಿತು ಒಂದು ಮಧ್ಯಾಹ್ನ ನಾವಿಬ್ಬರೂ ನಮ್ಮ ನಮ್ಮ ಕಡಾಬ್ರಾಗಳನ್ನು ಬದಲಾಯಿಸಿಕೊಂಡೆವು. ಬೆಳೆದ ಮೇಲೆ ಹಿಂದಿರುಗಿಸಿಕೊಳ್ಳುವುದು ವಾಡಿಕೆ. ನಾವು ಹಿಂದಿರುಗಿಸಲಿಲ್ಲ. "ಇರಲಿ ಬಿಡೋ, ನಿಂದು ನನ್ ಹತ್ರ, ನಂದು ನಿನ್ ಹತ್ರ" ಎಂದ. ಅವನ ಹೆಸರು ಹೊತ್ತ ಅಲಕಜಾಮ್ ನನ್ನ ಕ್ಯಾಸೆಟ್ಟಿನಲ್ಲಿ, ನನ್ನ ಹೆಸರಿನದು ಅವನದರಲ್ಲಿ ಉಳಿದುವು. ಮರುವರ್ಷ ಅವನ ತಂದೆಯವರಿಗೆ ಬ್ಯಾಂಕಿನಿಂದ ವರ್ಗವಾಯಿತು. ವಿಳಾಸ ಬರೆದುಕೊಳ್ಳುವ ಬುದ್ಧಿ ಆ ವಯಸ್ಸಿಗೆ ಎಲ್ಲಿಂದ ಬರಬೇಕು?

ಗೋಲ್ಡ್ ಆಟಕ್ಕೆ ಗಡಿಯಾರವಿತ್ತು. ಹೊರಗೆ ಸಂಜೆಯಾದರೆ ಆಟದೊಳಗೂ ಸಂಜೆ, ಇಲ್ಲಿ ರಾತ್ರಿಯಾದರೆ ಅಲ್ಲಿ ಗೂಬೆ ಹಾರುತ್ತಿತ್ತು. ಆ ಗಡಿಯಾರವನ್ನು ನಡೆಸುತ್ತಿದ್ದುದೂ, ನಾವು ಆಡಿದ್ದನ್ನು ನೆನಪಿಟ್ಟುಕೊಳ್ಳುತ್ತಿದ್ದುದೂ ಕ್ಯಾಸೆಟ್ಟಿನೊಳಗೆ ಬೆಸೆದಿದ್ದ ನಾಣ್ಯದಗಲದ ಒಂದೇ ಬ್ಯಾಟರಿ. ಯಂತ್ರ ಆರಿದ್ದರೂ ಗಡಿಯಾರ ನಡೆಯುತ್ತಿತ್ತು. ನಡೆದಷ್ಟೂ ಬ್ಯಾಟರಿ ಬತ್ತುತ್ತಿತ್ತು. ಕಾಲವನ್ನು ಅಳೆಯುತ್ತ ಅಳೆಯುತ್ತ ನೆನಪನ್ನು ತಿಂದುಹಾಕುವ ಏರ್ಪಾಡು ಅದು. ಪರೀಕ್ಷೆಗಳೆಲ್ಲ ಮುಗಿದು, ಎಷ್ಟೋ ವರ್ಷಗಳ ಮೇಲೆ ಟ್ರಂಕಿನಿಂದ ಅದನ್ನು ತೆಗೆದು ಹಚ್ಚಿದಾಗ 'ಮುಂದುವರಿಸು' ಎಂಬ ಸಾಲೇ ಪರದೆಯ ಮೇಲೆ ಇರಲಿಲ್ಲ. 'ಹೊಸ ಆಟ' ಎಂಬುದೊಂದೇ ಮೇಲ್ಗಡೆ ಮಿನುಗುತ್ತಿತ್ತು. ಯಾರನ್ನೂ ದೂರುವಂತಿಲ್ಲ, ಬ್ಯಾಟರಿಯ ಆಯುಸ್ಸೇ ಅಷ್ಟು. ಅಲಕಜಾಮ್ ಹೋಯಿತು, ಅದರ ಮೇಲಿನ ಹೆಸರೂ ಹೋಯಿತು. ನಾನು ಮುಗಿಸದೆ ಬಿಟ್ಟಿದ್ದ ಕೊನೆಯ ಪಂದ್ಯವೂ ಹೋಯಿತು. ಅದರ ಮಾತು ಮುಂದೆ ಬರುತ್ತದೆ.

ಹೋದ ವರ್ಷ ಹಳೆಯ ಡಿ.ಎಸ್. ಯಂತ್ರವೊಂದೂ ಹಾರ್ಟ್‌ಗೋಲ್ಡ್ ಕ್ಯಾಸೆಟ್ಟೂ ನನ್ನ ಕೈ ಸೇರಿದುವು. ಇದರ ನೆನಪಿಗೆ ಬ್ಯಾಟರಿಯ ಹಂಗಿಲ್ಲ. ಧೈರ್ಯವಾಗಿ ಮೊದಲಿನಿಂದ ಹೊರಟೆ.

ನಡೆಯುವ ದೇಶದ ಹೆಸರು ಜೋಟೊ. ಕ್ಯೋಟೊ, ಒಸಾಕಾ ನಗರಗಳಿರುವ ಜಪಾನಿನ ಕನ್ಸಾಯ್ ಪ್ರಾಂತ್ಯವೇ ಅದರ ಮಾದರಿ. ಎಕ್ರುಟೀಕ್ ಎಂಬ ಊರಿನಲ್ಲಿ ಕಿಮೊನೊ ಉಟ್ಟ ಐವರು ನರ್ತಕಿಯರಿದ್ದಾರೆ, ಮಳೆಗಾಲ ಕಳೆದ ಕಾಡಿನ ಬಣ್ಣದ ಮರಗಳಿವೆ, ಎರಡು ಗೋಪುರಗಳಿವೆ. ಒಂದು ನಿಂತಿದೆ, ಇನ್ನೊಂದು ಬೆಂಕಿಗೆ ಸಿಕ್ಕಿ ಕರಿಯ ತೊಲೆಗಳಾಗಿ ಉಳಿದಿದೆ. ಸುಟ್ಟ ಗೋಪುರದೊಳಗೆ ಕಾಲಿಟ್ಟಾಗ ನನಗೆ ಕ್ಯೋಟೊದ ಕಿನ್ಕಾಕುಜಿಯ ನೆನಪಾಯಿತು. 1950ರಲ್ಲಿ ಅಲ್ಲಿಯ ತರುಣ ಸಂನ್ಯಾಸಿಯೊಬ್ಬನೇ ಆ ಸುವರ್ಣಮಂದಿರಕ್ಕೆ ಬೆಂಕಿಯಿಟ್ಟ. 1955ರಲ್ಲಿ ಅದನ್ನು ಮತ್ತೆ ಕಟ್ಟಿದರು. ಇಂದು ನೋಡಲು ಹೋಗುವವರು ನೋಡುವುದು ಆ ಎರಡನೆಯದನ್ನು. ಆಟದವರು ಮಾತ್ರ ತಮ್ಮ ಸುಟ್ಟ ಗೋಪುರವನ್ನು ಮರುನಿರ್ಮಾಣದಲ್ಲೂ ಸುಟ್ಟದ್ದಾಗಿಯೇ ಬಿಟ್ಟಿದ್ದಾರೆ. ಅದು ನನಗೆ ಹಿಡಿಸಿತು.

ಇನ್ನು ಗೋಲ್ಡನ್‌ರಾಡ್ ನಗರದ ಹಸುವಿನ ವಿಷಯ. ಈ ಆಟವಾಡಿದವರಾರೂ ಅದನ್ನು ಮರೆತಿರಲಾರರು. ಮೂರನೆಯ ಗರಡಿಯ ನಾಯಕಿ ವಿಟ್ನಿ ಎಂಬ ಹುಡುಗಿ. ಅವಳ ಬಳಿ ಮಿಲ್‌ಟ್ಯಾಂಕ್ ಎಂಬ ನಸುಗೆಂಪು ಬಣ್ಣದ ಹಸು. ನೋಡಲು ಸಾಧು. ಉಂಡೆಯಾಗಿ ಉರುಳಿ ಬಂದು ಹಾಯುವುದು ಅದರ ಮುಖ್ಯ ವಿದ್ಯೆ. ಮೊದಲ ಸಲ ಮೂವತ್ತರ ಬಲ, ಮುಂದಿನದು ಅರವತ್ತು, ಆಮೇಲೆ ನೂರ ಇಪ್ಪತ್ತು, ಹೀಗೆ ಐದು ಸುತ್ತಿನವರೆಗೆ ಇಮ್ಮಡಿಯಾಗುತ್ತ ಹೋಗುತ್ತದೆ. ಅದು ಕಲ್ಲಿನ ಜಾತಿಯ ಏಟು. ನಾನೋ ಮೊದಲಿಗೆ ಆರಿಸಿಕೊಂಡಿದ್ದುದು ಬೆಂಕಿಯ ಪ್ರಾಣಿ, ಕಲ್ಲಿಗೆ ಸೋಲುವಂಥದು. ಹೇಗೋ ಅದನ್ನು ಅರ್ಧ ದಣಿಸಿದರೆ ತನ್ನ ಹಾಲನ್ನು ತಾನೇ ಕುಡಿದು ಅರ್ಧದಷ್ಟು ಕಸುವನ್ನು ಮರಳಿ ಪಡೆಯುತ್ತದೆ. ಎದುರಾಳಿ ಗಂಡಾದರೆ ಅದನ್ನು ಮೋಹಗೊಳಿಸಿ ಕೈಕಟ್ಟಿ ಕೂರಿಸುವುದೂ ಅದಕ್ಕೆ ಗೊತ್ತು. ಹನ್ನೆರಡರ ವಯಸ್ಸಿನಲ್ಲಿ ಅದರಿಂದ ಮೂರು ಸಲ ಸೋತು ಅತ್ತಿದ್ದೆ. ಮೂವತ್ತಾರರಲ್ಲಿ ನಾಲ್ಕು ಸಲ ಸೋತೆ. "ಅಪ್ಪ, ಹಸು ಮತ್ತೆ ಗೆದ್ದುಬಿಡ್ತಾ?" ಎಂದು ಮಗಳು ಅಡುಗೆಮನೆಯಿಂದಲೇ ಕೇಳುವಷ್ಟು ಅದು ಮನೆಮಾತಾಯಿತು.

ಹಳೆಯ ಆಟದಲ್ಲಿ ನಮಗೊಂದು ಒಳದಾರಿ ಗೊತ್ತಿತ್ತು. ಭೂತಜಾತಿಯ ಜೀವಿಯನ್ನು ಮುಂದೊಡ್ಡಿದರೆ ಹಸುವಿನ ತುಳಿತ ಅದಕ್ಕೆ ತಾಗುತ್ತಿರಲಿಲ್ಲ. ಹೊಸದರಲ್ಲಿ ಹಸುವಿಗೆ ಭೂತವನ್ನೂ ಮುಟ್ಟುವ ಶಕ್ತಿ ಕೊಟ್ಟು ಆ ಬಾಗಿಲನ್ನು ಮುಚ್ಚಿದ್ದಾರೆ. ಹಿಂದಿನ ಪರೀಕ್ಷೆಯ ಉತ್ತರಪತ್ರಿಕೆಯನ್ನು ನಕಲು ಮಾಡಲು ಹೋದವನ ಅವಸ್ಥೆಯಾಯಿತು ನನ್ನದು. ಕೊನೆಗೆ ನೆರವಿಗೆ ಬಂದದ್ದು ವಿನಿಮಯವೇ. ಅದೇ ನಗರದ ದೊಡ್ಡ ಅಂಗಡಿಯ ಐದನೆಯ ಅಂತಸ್ತಿನಲ್ಲಿ ಒಬ್ಬ ನಿಂತಿರುತ್ತಾನೆ. ಊರಾಚೆಯ ಹುಲ್ಲಿನಲ್ಲಿ ಸುಲಭವಾಗಿ ಸಿಗುವ ಡ್ರೌಜಿಯನ್ನು ಅವನಿಗೆ ಕೊಟ್ಟರೆ ಮಾಚಾಪ್ ಎಂಬ ಜಟ್ಟಿಯನ್ನು ಕೊಡುತ್ತಾನೆ. ಆ ಜಟ್ಟಿ ಹೆಣ್ಣಾದ್ದರಿಂದ ಹಸುವಿನ ಮೋಹಿನೀವಿದ್ಯೆ ನಡೆಯುವುದಿಲ್ಲ. ಅನ್ಯರ ಹೆಸರು ಹೊತ್ತು ಬಂದದ್ದು ಒಂದೂವರೆಪಟ್ಟು ಬೇಗ ಬೆಳೆಯುತ್ತದೆ ಎಂಬುದೊಂದು ನಿಯಮ. ಅದರ ಕರಾಟೆ ಏಟಿಗೆ ಹಸು ಉರುಳಿತು. ಸೋತ ವಿಟ್ನಿ ಪದಕ ಕೊಡದೆ ಜೋರಾಗಿ ಅಳುತ್ತ ಕುಳಿತುಕೊಳ್ಳುತ್ತಾಳೆ. ಹೊರಟವನನ್ನು ಇನ್ನೊಬ್ಬ ಹುಡುಗಿ ತಡೆದು, ಅವಳು ಸೋತಾಗಲೆಲ್ಲ ಹಾಗೆಯೇ ಎಂದು ಸಮಾಧಾನ ಹೇಳುತ್ತಾಳೆ. ಮರಳಿ ಹೋದರೆ ಪದಕ ದೊರೆಯುತ್ತದೆ. ಗೆದ್ದವನಿಗೆ ಸೋತವರ ಅಳುವನ್ನು ನಿಂತು ಕೇಳಿಸುವ ಆಟಗಳು ಹೆಚ್ಚಿಲ್ಲ.

ರೇಡಿಯೋದಲ್ಲಿ ಮಾತನಾಡುತ್ತಿರುವುದರಿಂದ ಒಂದು ಉಪಕಥೆಗೆ ಅವಕಾಶ ಬೇಡುತ್ತೇನೆ. ಈ ಆಟದಲ್ಲಿ ರೇಡಿಯೋಗೆ ಇರುವ ಗೌರವ ಇನ್ನೆಲ್ಲೂ ಸಿಗದು. ಗೋಲ್ಡನ್‌ರಾಡ್‌ನ ಬಾನುಲಿ ಗೋಪುರದಲ್ಲಿ ಐದು ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟರೆ ರೇಡಿಯೋ ಕೇಳುವ ಅನುಕೂಲ ದೊರೆಯುತ್ತದೆ. ಪ್ರಾಣಿಗಳ ಮೇಲೆ ಭಾಷಣ ಮಾಡುವ ಪ್ರೊಫೆಸರೊಬ್ಬರ ಕಾರ್ಯಕ್ರಮವೂ ಉಂಟು. ದುಷ್ಟರ ತಂಡ ಕೊನೆಗೆ ಹಿಡಿಯುವುದು ಅರಮನೆಯನ್ನಲ್ಲ, ಬಾನುಲಿ ಗೋಪುರವನ್ನು. ದಾರಿಗಡ್ಡವಾಗಿ ಮಲಗಿದ ಸ್ನೋರ್‌ಲ್ಯಾಕ್ಸ್ ಎಂಬ ಭಾರೀ ಪ್ರಾಣಿಯನ್ನು ಎಬ್ಬಿಸಬೇಕಾದರೆ ಅದರ ಪಕ್ಕದಲ್ಲಿ ನಿಂತು ರೇಡಿಯೋದಲ್ಲಿ ಕೊಳಲಿನ ಕಾರ್ಯಕ್ರಮ ಹಾಕಬೇಕು. ನಿದ್ದೆ ಹೋದವರನ್ನು ಎಬ್ಬಿಸುವುದಕ್ಕೂ ಬಾನುಲಿ ಉಪಯೋಗವಾಗುತ್ತದೆಂಬುದನ್ನು ಈ ಭಾಷಣ ಕೇಳುತ್ತಿರುವವರು ನಂಬುವುದು ಕಷ್ಟವಿರಬಹುದು.

ಎಂಟು ಪದಕ, ಬಳಿಕ ನಾಲ್ವರು ಘಟಾನುಘಟಿಗಳು, ಅವರ ಮೇಲೊಬ್ಬ ಚಾಂಪಿಯನ್ ಲ್ಯಾನ್ಸ್. ಇವನ ಬಳಿ ಮೂರು ಡ್ರಾಗೊನೈಟ್‌ಗಳಿವೆ. ಆ ಜೀವಿ ನ್ಯಾಯವಾಗಿ ಐವತ್ತೈದನೆಯ ಮಟ್ಟದಲ್ಲಿ ಹುಟ್ಟಬೇಕಾದದ್ದು. ಇವನವು ಐವತ್ತರ ಮೇಲಿಲ್ಲ. ಈ ಅಕ್ರಮವನ್ನು ಮರುನಿರ್ಮಾಣದಲ್ಲೂ ತಿದ್ದಿಲ್ಲ. ಜೀರ್ಣೋದ್ಧಾರ ಮಾಡುವವರು ಕೆಲವು ಬಿರುಕುಗಳನ್ನೂ ಭಕ್ತಿಯಿಂದ ಉಳಿಸಿಕೊಳ್ಳುತ್ತಾರೆಂದು ತೋರುತ್ತದೆ.

ಲ್ಯಾನ್ಸನನ್ನು ಗೆದ್ದರೆ ಆಟ ಮುಗಿಯಿತೆಂದುಕೊಂಡರೆ ಅದು ಅರ್ಧ. ಪೂರ್ವಕ್ಕೆ ಕಾಂಟೊ ಎಂಬ ದೇಶ ತೆರೆದುಕೊಳ್ಳುತ್ತದೆ. 1996ರ ಮೊದಲ ಆಟ ನಡೆದದ್ದು ಇದೇ ನೆಲದಲ್ಲಿ. ಕಥೆಯ ಲೆಕ್ಕದಲ್ಲಿ ಮೂರು ವರ್ಷ ಸಂದಿವೆ. ಹಿಂದೆ ಸತ್ತ ಪ್ರಾಣಿಗಳ ಸಮಾಧಿಗಳಿದ್ದ ಲ್ಯಾವೆಂಡರಿನ ಗೋಪುರ ಈಗ ರೇಡಿಯೋ ನಿಲಯವಾಗಿದೆ, ಸಮಾಧಿಗಳು ಪಕ್ಕದ ಪುಟ್ಟ ಮನೆಯೊಂದಕ್ಕೆ ಹೋಗಿವೆ. ಸಿನಬಾರ್ ದ್ವೀಪದ ಊರನ್ನು ಜ್ವಾಲಾಮುಖಿ ನುಂಗಿದೆ. 1999ರಲ್ಲಿ ಎರಡು ದೇಶಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ತುರುಕುವುದು ಸುಲಭವಿರಲಿಲ್ಲ. ಆಗ ಹಾಲ್ ಲ್ಯಾಬೊರೇಟರಿಯ ಅಧ್ಯಕ್ಷರಾಗಿದ್ದು ಮುಂದೆ ನಿಂಟೆಂಡೊ ಸಂಸ್ಥೆಯನ್ನೇ ನಡೆಸಿದ ಸತೋರು ಇವಾಟ ಅವರು ಚಿತ್ರಗಳನ್ನು ಅಡಕಗೊಳಿಸುವ ಉಪಾಯ ಒದಗಿಸಿ ನೆರವಾದರು. ಆದರೂ ಕಾಂಟೊವನ್ನು ಕುಗ್ಗಿಸಬೇಕಾಯಿತು. ವಿರಿಡಿಯನ್ ಕಾಡು ಬರಿಯ ದಾರಿಯಾಯಿತು, ಗುಹೆಗಳು ಮುಚ್ಚಿದುವು. 2009ರವರು ಆ ಕಾಡನ್ನು ಮತ್ತೆ ಬೆಳೆಸಿದರು, ಗುಹೆಗಳನ್ನು ತೆರೆದರು. ಸಿನಬಾರನ್ನು ಮಾತ್ರ ಬೂದಿಯಲ್ಲೇ ಬಿಟ್ಟರು. ಜಾಗ ಸಾಲದೆ ಕಳೆದುಹೋದದ್ದು ಒಂದು ಬಗೆ, ಕಾಲ ಬಂದು ಕಳೆದುಹೋದದ್ದು ಇನ್ನೊಂದು ಬಗೆ. ಮೊದಲನೆಯದನ್ನು ಹಿಂದಿರುಗಿಸಿ ಎರಡನೆಯದನ್ನು ಮುಟ್ಟದೆ ಬಿಟ್ಟ ಈ ವಿವೇಕಕ್ಕಾಗಿ ಅವರಿಗೆ ನಾನು ತಲೆಬಾಗುತ್ತೇನೆ. ಅವರು ಇನ್ನೊಂದು ಸಾಧನವನ್ನೂ ಕೊಟ್ಟಿದ್ದಾರೆ. ಆಟದ ಕೊನೆಯ ಭಾಗದಲ್ಲಿ ಸಿಗುವ ಅದನ್ನು ಹಚ್ಚಿದರೆ ಹೊಸ ವಾದ್ಯಗೋಷ್ಠಿ ನಿಂತು 1999ರ ಆ ಕೀರಲು ಸಂಗೀತ ಕೇಳಿಬರುತ್ತದೆ. ಅದನ್ನು ಹಚ್ಚಿದ ರಾತ್ರಿ ನನಗೆ ಜಗುಲಿಯ ಕೆಂಪು ನೆಲ ಕಾಲಿಗೆ ತಣ್ಣಗೆ ತಾಗಿದಂತಾಯಿತು.

ಕಾಂಟೊದಲ್ಲಿ ಮತ್ತೆಂಟು ಪದಕ. ಹದಿನಾರೂ ಕೈಗೆ ಬಂದವನಿಗೆ ಮಾತ್ರ ಸಿಲ್ವರ್ ಪರ್ವತವನ್ನೇರಲು ಅಪ್ಪಣೆ. ಅಲ್ಲಿ ಶಿಖರದಲ್ಲಿ, ಹಿಮ ಬೀಳುತ್ತಿರುವಲ್ಲಿ, ಬೆನ್ನು ತಿರುಗಿಸಿ ಒಬ್ಬ ಹುಡುಗ ನಿಂತಿದ್ದಾನೆ. ಅವನ ಹೆಸರು ರೆಡ್. ಅವನು 1996ರ ಆಟದ ನಾಯಕ. ಎಂದರೆ, ಆ ಆಟವಾಡಿದ ಪ್ರತಿ ಮಗುವೂ ಅವನೇ ಆಗಿತ್ತು. ಮೂರು ವರ್ಷ ಕಳೆದು ಬಂದವನು ಬೆಟ್ಟದ ತುದಿಯಲ್ಲಿ ಎದುರುಗೊಳ್ಳುವುದು ತನ್ನ ಹಿಂದಿನ ತನ್ನನ್ನೇ.

2002ರ ಬೇಸಗೆಯಲ್ಲಿ ಅವನ ಮುಂದೆ ನಿಂತು ನಾನು ಸೋತಿದ್ದೆ. ಇನ್ನೊಂದಿಷ್ಟು ಬಲಿತು ಬರುತ್ತೇನೆಂದು ಕೆಳಗಿಳಿದವನು ಮರಳಿ ಹೋಗಲಿಲ್ಲ. ಜೊತೆಗೆ ಕುಳಿತು ನೋಡುವ ಗೆಳೆಯ ಆಗ ಊರಲ್ಲಿ ಇರಲಿಲ್ಲ.

ಈ ಸಲ ಸಿದ್ಧತೆಗೆ ಎರಡು ತಿಂಗಳು ಹಿಡಿಯಿತು. ಕಾಂಟೊದ ಬಲಿಷ್ಠ ನಾಯಕನ ಪ್ರಾಣಿಗಳು ಅರವತ್ತನೆಯ ಮಟ್ಟವನ್ನು ಮೀರುವುದಿಲ್ಲ. ರೆಡ್‌ನ ಪಿಕಾಚು ಎಂಬತ್ತೆಂಟರಲ್ಲಿದೆ, ಉಳಿದವು ಎಂಬತ್ತರಿಂದ ಮೇಲೆ. ನಡುವಿನ ಕಂದಕ ದೊಡ್ಡದು. ಇದು ಹಳೆಯದರ ದೋಷ, ಹೊಸದರಲ್ಲೂ ನೀಗಿಲ್ಲ. ಹುಲ್ಲಿನಲ್ಲಿ ಅಲೆದಾಡುವುದು, ಘಟಾನುಘಟಿಗಳನ್ನು ಮತ್ತೆ ಮತ್ತೆ ಎದುರಿಸುವುದು, ಇದು ನಾನು ಹಿಡಿದ ದಾರಿ. ಆಟದ ಜೊತೆ ಬರುವ, ಹೆಜ್ಜೆ ಎಣಿಸುವ ಪುಟ್ಟ ಚೆಂಡೊಂದಿದೆ. ಒಂದು ಜೀವಿಯನ್ನು ಅದರೊಳಗೆ ಕಳುಹಿಸಿ ಜೇಬಿನಲ್ಲಿಟ್ಟು ನಡೆದರೆ ಹೆಜ್ಜೆಹೆಜ್ಜೆಗೂ ಅದಕ್ಕೆ ಅನುಭವ ಸೇರುತ್ತದೆ. ಎಷ್ಟೇ ನಡೆದರೂ ಒಂದು ನಡಿಗೆಗೆ ಒಂದು ಮಟ್ಟಕ್ಕಿಂತ ಹೆಚ್ಚು ಏರದು. ಕಡಾಬ್ರಾವನ್ನು ಜೇಬಿನಲ್ಲಿಟ್ಟುಕೊಂಡು ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಾನು ನಡೆದ ನಡಿಗೆಯಿಂದ ಅದಕ್ಕಿಂತ ನನಗೇ ಹೆಚ್ಚು ಲಾಭವಾಯಿತೆಂದು ಮನೆಯವರ ಅಭಿಪ್ರಾಯ.

ಆರನೆಯ ಪ್ರಯತ್ನದಲ್ಲಿ ಗೆದ್ದೆ. ಶಿಖರದಲ್ಲಿ ಆಲಿಕಲ್ಲು ಸುರಿದು ಸುತ್ತುಸುತ್ತಿಗೂ ಎರಡೂ ಕಡೆಯವರನ್ನು ನೋಯಿಸುತ್ತಿರುತ್ತದೆ. ಪಿಕಾಚುವನ್ನು ಮೊದಲ ಏಟಿಗೇ ಕೆಡವಿದ್ದು ಕಡಾಬ್ರಾ. ಸ್ನೋರ್‌ಲ್ಯಾಕ್ಸನ್ನು ತಡೆದು ನಿಂತದ್ದು ಅಂಗಡಿಯಲ್ಲಿ ಡ್ರೌಜಿ ಕೊಟ್ಟು ಪಡೆದ ಜಟ್ಟಿ. ಉಳಿದದ್ದನ್ನು ವಿವರಿಸಿ ನಿಮ್ಮ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. ರೆಡ್ ಮೊದಲೂ ಮಾತನಾಡಲಿಲ್ಲ, ಸೋತ ಮೇಲೂ ಮಾತನಾಡಲಿಲ್ಲ. ಅವನ ಮಾತಿನ ಜಾಗದಲ್ಲಿ ಕೆಲವು ಚುಕ್ಕೆಗಳು ಮಾತ್ರ ಮೂಡುತ್ತವೆ. ಪರದೆ ಕತ್ತಲಾಗಿ ಮತ್ತೆ ಬೆಳಕಾಗುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಆಟ ಕಟ್ಟಿದವರ ಹೆಸರುಗಳು ಉರುಳತೊಡಗಿದುವು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದ ಗೆಲುವಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಆ ಹುಡುಗನಿಗೆ ನಾನೇನೋ ಹೇಳಬೇಕೆಂದುಕೊಂಡಿದ್ದೆ, ಹೇಳಲಾಗಲಿಲ್ಲವಲ್ಲಾ ಎನ್ನಿಸಿತು.

ಹಾರ್ಟ್‌ಗೋಲ್ಡ್‌ನಲ್ಲಿ ದಳದ ಮುಂದಾಳಾದ ಜೀವಿ ಚೆಂಡಿನಿಂದ ಹೊರಬಂದು ನಮ್ಮ ಹಿಂದೆಯೇ ನಡೆಯುತ್ತದೆ. ಹಳೆಯ ಗೋಲ್ಡ್‌ನಲ್ಲಿ ಇದಿರಲಿಲ್ಲ. ನನ್ನ ಕಡಾಬ್ರಾ ಈಗ ಎಪ್ಪತ್ತಮೂರನೆಯ ಮಟ್ಟದಲ್ಲಿದೆ. "ಇಷ್ಟು ದೊಡ್ಡದಾದ್ರೂ ಇದು ಯಾಕಪ್ಪ ಬದಲಾಗಲಿಲ್ಲ?" ಎಂದು ಮಗಳು ಕೇಳಿದಳು. ಬದಲಾಗಬೇಕಾದರೆ ಇನ್ನೊಬ್ಬರು ಬೇಕು, ನಮ್ಮ ಮನೆಯಲ್ಲಿರುವುದು ಒಂದೇ ಯಂತ್ರ ಎಂದೆ. ಇನ್ನೊಂದು ಕೊಂಡರಾಯಿತು ಎಂದಳು. ಕೊಳ್ಳಬಹುದು. ಅವಳ ಹೆಸರಿನ ಜೀವಿಯೊಂದು ನನ್ನ ಬಳಿ ಇರುವುದೂ ಚೆನ್ನಾಗಿಯೇ ಇರುತ್ತದೆ. ಸದ್ಯಕ್ಕೆ ಕಡಾಬ್ರಾ ಒಂದೇ ಚಮಚ ಹಿಡಿದುಕೊಂಡು, ನಾನು ಹೋದಲ್ಲೆಲ್ಲ ಹಿಂದೆ ಬರುತ್ತಿದೆ.